ವಾರ್ಷಿಕ ಪಾಠ ಹಂಚಿಕೆ ಯಾರಿಗಾಗಿ?

ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ‘ಸಿಲಬಸ್’ ಎಂಬ ಮಾತು ಬಂದರೆ ಅದರ ಹಿಂದೆಯೇ ‘ಮುಗಿಯುವುದು’ ಎಂಬ ಮಾತೂ ಬರುತ್ತದೆ. ‘ನಿಮ್ದು ಸಿಲಬಸ್ ಮುಗೀತಾ?’, ‘ಡಿಸೆಂಬರ್ ಒಳಗೆ ಮುಗಿಸ್ಬೇಕಂತೆ’, ‘ನನ್ದು ಇನ್ನೂ ಎರಡು ಪಾಠ ಬಾಕಿ’. ಇಲ್ಲಿ ಸಿಲಬಸ್ ಎಂದರೆ ಪಠ್ಯಪುಸ್ತಕ, ಮುಗಿಸುವುದು ಎಂದರೆ ಅದರ ಕೊನೆಯ ಪುಟ ಮುಟ್ಟುವುದು. ಪಠ್ಯಕ್ರಮ, ಪಠ್ಯವಸ್ತು, ಪಠ್ಯಪುಸ್ತಕ ಮೂರೂ ಬೇರೆ ಬೇರೆ ಎಂದು ಬಿ.ಇಡ್. ತರಗತಿಯಲ್ಲಿ ನಾವೆಲ್ಲ ವ್ಯಾಖ್ಯೆ ಬರೆದು ಅಂಕ ಪಡೆದವರೇ. ಆದರೆ ಶಾಲೆಗೆ ಕಾಲಿಟ್ಟ ಮೇಲೆ ಈ ಮೂರರ ನಡುವೆ ನಾಲ್ಕನೆಯ ಕಾಗದವೊಂದು ಕಾಣಿಸುತ್ತದೆ: ವಾರ್ಷಿಕ ಪಾಠ ಹಂಚಿಕೆ. ಯಾವ ತಿಂಗಳು ಯಾವ ಪಾಠ, ಅದಕ್ಕೆ ಎಷ್ಟು ಅವಧಿ, ಯಾವಾಗ ಪರೀಕ್ಷೆ ಎಂದು ಹೇಳುವ ಒಂದೆರಡು ಹಾಳೆ. ಕಾಲೇಜಿನಲ್ಲಿ ನಾವು ಪಾಠಯೋಜನೆಯನ್ನು ಪುಸ್ತಕಗಟ್ಟಲೆ ಬರೆಯುತ್ತೇವೆ. ಈ ಹಾಳೆಯನ್ನು ಮಾತ್ರ ರೆಕಾರ್ಡ್ ಒಪ್ಪಿಸುವ ಹಿಂದಿನ ದಿನ ಒಮ್ಮೆ ಬರೆದು ಮುಗಿಸುತ್ತೇವೆ.

ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಇಡ್.ನಲ್ಲಿ ಒಟ್ಟು 20 ವಾರ ಶಾಲೆಯಲ್ಲಿರಬೇಕು: ಮೊದಲ ವರ್ಷ 4, ಎರಡನೇ ವರ್ಷ 16. ಮೊದಲ ನಾಲ್ಕು ವಾರ ನಾನು ಜನವರಿಯಲ್ಲಿ ಶಿಕಾರಿಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಹದಿನಾರು ವಾರದ ಇಂಟರ್ನ್‌ಶಿಪ್ ಸೊರಬ ತಾಲ್ಲೂಕಿನ ಇನ್ನೊಂದು ಪ್ರೌಢಶಾಲೆಯಲ್ಲಿ ಜುಲೈನಿಂದ, ನಡುವೆ ದಸರಾ ರಜೆ ಸೇರಿ, ನವೆಂಬರ್‌ವರೆಗೆ ನಡೆಯಿತು. ಎರಡೂ ಕಡೆ ಈ ಹಾಳೆಯನ್ನು ಕೇಳಿ ನೋಡಿದೆ. ಒಂದು ಶಾಲೆಯಲ್ಲಿ ಅದು ಟೈಪ್ ಮಾಡಿದ, ಮುಖ್ಯ ಶಿಕ್ಷಕರ ಸಹಿ ಮತ್ತು ಸೀಲು ಇರುವ, ಒಂದು ಮಡಿಕೆಯೂ ಬೀಳದ ಪ್ರತಿ. ಅಧಿಕಾರಿಗಳ ಭೇಟಿಯ ದಿನ ಬೀರುವಿನಿಂದ ಹೊರಬರುತ್ತದೆ. ಇನ್ನೊಂದು ಶಾಲೆಯ ವಿಜ್ಞಾನ ಶಿಕ್ಷಕರ ಹಾಳೆ ಕೈಬರಹದ್ದು, ಅಂಚು ಹರಿದದ್ದು. ಕೊನೆಯ ‘ಷರಾ’ ಕಾಲಂ ತುಂಬ ಮೂರು ಬಣ್ಣದ ಪೆನ್ನಿನಲ್ಲಿ ಬರೆದು ತುಂಬಿತ್ತು. ಎರಡರಲ್ಲೂ ಪಾಠಗಳು ಒಂದೇ, ತಿಂಗಳುಗಳೂ ಹೆಚ್ಚುಕಡಿಮೆ ಒಂದೇ. ಆದರೂ ಮೊದಲನೆಯದು ದಾಖಲೆ, ಎರಡನೆಯದು ಉಪಕರಣ. ಪಾಠ ಹಂಚಿಕೆಯ ಬೆಲೆ ಅದನ್ನು ಯಾರು ಓದುತ್ತಾರೆ ಎಂಬುದರ ಮೇಲೆ ನಿಂತಿದೆ, ಹಾಗೆ ಓದುವವರಲ್ಲಿ ಮಕ್ಕಳೂ ಇರಬೇಕು ಎಂಬುದು ಹದಿನಾರು ವಾರದ ನಂತರ ನನಗೆ ಉಳಿದ ತಿಳಿವಳಿಕೆ. ಅದನ್ನು ವಿವರಿಸುವುದಕ್ಕೆ ಈ ಲೇಖನ.

ಮೊದಲು ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ಕೆಲಸದ ದಿನ ಬೇಕು ಎನ್ನುತ್ತದೆ. ಆದರೆ ಕೆಲಸದ ದಿನವೆಲ್ಲ ಪಾಠದ ದಿನವಲ್ಲ. ನಾನಿದ್ದ ಶಾಲೆಯಲ್ಲಿ ಒಂಬತ್ತನೇ ತರಗತಿಯ ವಿಜ್ಞಾನಕ್ಕೆ ವಾರಕ್ಕೆ 6 ಅವಧಿ. ಜೂನ್ ಮೊದಲಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಸುಮಾರು 17 ವಾರ. ಕಾಗದದ ಮೇಲೆ 102 ಅವಧಿ. ಸೇತುಬಂಧಕ್ಕೆ ಎರಡು ವಾರ ಹೋದರೆ 90. ಎರಡು ರೂಪಣಾತ್ಮಕ ಪರೀಕ್ಷೆ ಮತ್ತು ಮೊದಲ ಸಂಕಲನಾತ್ಮಕ ಪರೀಕ್ಷೆಗೆ, ಉತ್ತರಪತ್ರಿಕೆ ತಿದ್ದಿ ಮಕ್ಕಳಿಗೆ ಕೊಟ್ಟು ಚರ್ಚಿಸುವುದೂ ಸೇರಿ, 10 ತೆಗೆಯಿರಿ, 80. ಸರ್ಕಾರಿ ರಜೆ ಮತ್ತು ಹಬ್ಬಗಳಿಗೆ 8 ಹೋದರೆ 72. ಸ್ವಾತಂತ್ರ್ಯೋತ್ಸವದ ತಯಾರಿ, ಹೋಬಳಿ ಮಟ್ಟದ ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎಲ್ಲ ಸೇರಿ 5. ಮಳೆ ರಜೆಗೆ ಇನ್ನೂ 5. ಉಳಿಯುವುದು 62.

ಈ ಅವಧಿಯಲ್ಲಿ ಏಳು ಪಾಠ ಮಾಡಬೇಕೆಂದು ಇಟ್ಟುಕೊಳ್ಳೋಣ. 102ನ್ನು ಏಳಕ್ಕೆ ಹಂಚಿದರೆ ಪಾಠಕ್ಕೆ 14 ಅವಧಿ ಸಿಗುತ್ತದೆ. 62ನ್ನು ಹಂಚಿದರೆ 9ಕ್ಕೂ ಕಡಿಮೆ. ಹದಿನಾಲ್ಕು ಅವಧಿ ಇದೆ ಎಂದುಕೊಂಡು ಪಾಠ ಶುರು ಮಾಡಿದ ಶಿಕ್ಷಕರು ಮೊದಲ ಎರಡು ಪಾಠಗಳನ್ನು ಪ್ರಯೋಗ, ಚಟುವಟಿಕೆ, ಗುಂಪು ಚರ್ಚೆ ಎಂದು ಚೆನ್ನಾಗಿ ಮಾಡುತ್ತಾರೆ. ಆಗಸ್ಟ್ ಬಂದಾಗ ಗಾಬರಿಯಾಗಿ ಉಳಿದ ಐದನ್ನು ಓದಿಸಿ ನೋಟ್ಸ್ ಬರೆಸುತ್ತಾರೆ. ಅವಸರದ ಹೊರೆ ಯಾವಾಗಲೂ ಕೊನೆಯಲ್ಲಿ ಬರುವ ಪಾಠಗಳ ಮೇಲೆಯೇ ಬೀಳುತ್ತದೆ, ಅವು ಸುಲಭವೋ ಕಷ್ಟವೋ ಎಂದು ಅದು ನೋಡುವುದಿಲ್ಲ. 62 ಎಂದು ಜೂನ್‌ನಲ್ಲೇ ಗೊತ್ತಿದ್ದವರು ಯಾವುದಕ್ಕೆ 12, ಯಾವುದಕ್ಕೆ 5 ಎಂದು ತಾವೇ ನಿರ್ಧರಿಸಬಹುದು. ಗೊತ್ತಿಲ್ಲದಿದ್ದರೆ ಆ ನಿರ್ಧಾರವನ್ನು ಮಳೆಯೂ ಕ್ರೀಡಾಕೂಟವೂ ಮಾಡುತ್ತವೆ.

ಮಳೆಯ ಮಾತು ಬಂತು. ಶಿಕಾರಿಪುರ ಮತ್ತು ಸೊರಬ ಅಕ್ಕಪಕ್ಕದ ತಾಲ್ಲೂಕುಗಳು, ಒಂದೇ ಜಿಲ್ಲೆ, ಒಂದೇ ಪಠ್ಯಪುಸ್ತಕ. ಆದರೂ ಜುಲೈ ತಿಂಗಳು ಎರಡೂ ಕಡೆ ಒಂದೇ ಅಲ್ಲ. ಶಿಕಾರಿಪುರದ ಪೂರ್ವದ ಹಳ್ಳಿಗಳಲ್ಲಿ ಮೆಕ್ಕೆಜೋಳದ ಹೊಲಗಳಿಗೆ ಬಿಸಿಲು ಬಿದ್ದಿರುವ ದಿನವೇ ಸೊರಬದ ಪಶ್ಚಿಮಕ್ಕೆ, ಚಂದ್ರಗುತ್ತಿಯ ಕಡೆ, ಹಳ್ಳ ತುಂಬಿ ಮಕ್ಕಳು ಶಾಲೆಗೆ ಬರಲಾಗದೆ ಇರಬಹುದು. ಮಳೆ ರಜೆಯನ್ನು ಮುಂದೆ ಶನಿವಾರ ಮಧ್ಯಾಹ್ನಗಳಲ್ಲಿ ಸರಿದೂಗಿಸುತ್ತೇವೆ ಎನ್ನುವುದು ದಿನಗಳ ಲೆಕ್ಕಕ್ಕೆ ಸರಿ. ಕಲಿಕೆಗೆ ಅದೇ ಲೆಕ್ಕ ಅನ್ವಯಿಸುವುದಿಲ್ಲ. ನಿಮ್ನ ದರ್ಪಣದಿಂದ ಬಿಸಿಲನ್ನು ಕಾಗದದ ಮೇಲೆ ಕೇಂದ್ರೀಕರಿಸಿ ಹೊಗೆ ಬರಿಸುವ ಹತ್ತನೇ ತರಗತಿಯ ಚಟುವಟಿಕೆಯನ್ನು ಯಾರಾದರೂ ಜುಲೈಗೆ ಹಾಕಿದರೆ ಸೊರಬದ ಮಕ್ಕಳು ಅದನ್ನು ಪುಸ್ತಕದ ಚಿತ್ರದಲ್ಲೇ ನೋಡಬೇಕು. ರಾಜ್ಯಕ್ಕೆಲ್ಲ ಒಂದೇ ಮಾಸಿಕ ಹಂಚಿಕೆ ಬಂದಾಗ ಅದನ್ನು ತನ್ನ ಊರಿನ ಆಕಾಶಕ್ಕೆ ಹೊಂದಿಸಿಕೊಳ್ಳುವ ಕೆಲಸ ಶಾಲೆಯದೇ. ಇಷ್ಟು ಸ್ವಾತಂತ್ರ್ಯ ನಮಗಿದೆಯೇ ಎಂದು ಸಹಪಾಠಿಗಳು ಕೇಳಿದ್ದುಂಟು. ಪರೀಕ್ಷೆಗೆ ಯಾವ ಪಾಠದವರೆಗೆ ಎಂಬುದು ನಮ್ಮ ಕೈಯಲ್ಲಿಲ್ಲ, ನಿಜ. ಆ ಗೆರೆಯ ಒಳಗೆ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಹಿಂದೆ ಹೇಳಿದ ಕೈಬರಹದ ಹಾಳೆ ಈ ವಿಷಯದಲ್ಲಿ ನನಗೆ ಪಾಠ. ಎಂಟನೇ ತರಗತಿಯ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ಯನ್ನು ಆ ಶಿಕ್ಷಕರು ಎರಡು ತುಂಡು ಮಾಡಿದ್ದರು. ಮಣ್ಣು ಹದ ಮಾಡುವುದು, ಬೀಜ ಆಯ್ಕೆ, ಬಿತ್ತನೆ, ಗೊಬ್ಬರ ಜೂನ್‌ನಲ್ಲಿ. ಬೀಜವನ್ನು ನೀರಿಗೆ ಹಾಕಿ ತೇಲುವ ಜೊಳ್ಳನ್ನು ಬೇರೆ ಮಾಡುವ ಚಟುವಟಿಕೆ ಆ ಪಾಠದಲ್ಲಿದೆಯಲ್ಲ, ಅದನ್ನು ಮಕ್ಕಳ ಮನೆಯಲ್ಲಿ ಬಿತ್ತನೆಗೆ ಇಟ್ಟ ಬೀಜ ಇನ್ನೂ ಇರುವಾಗಲೇ ಮಾಡಿಸುವುದು. ಕಟಾವು ಮತ್ತು ಸಂಗ್ರಹಣೆಗೆ ಮಾತ್ರ ನವೆಂಬರ್‌ನಲ್ಲಿ ಎರಡು ಅವಧಿ ತೆಗೆದಿಟ್ಟಿದ್ದರು. ಆಗ ಶಿಕಾರಿಪುರದ ರಸ್ತೆ ಬದಿಯಲ್ಲೆಲ್ಲ ಮೆಕ್ಕೆಜೋಳದ ರಾಶಿ ಒಣಗುತ್ತಿರುತ್ತದೆ. ಸಂಗ್ರಹಿಸುವ ಮೊದಲು ಕಾಳನ್ನು ಏಕೆ ಒಣಗಿಸಬೇಕು, ತೇವಾಂಶ ಉಳಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಮಕ್ಕಳು ಮನೆಯಿಂದಲೇ ಉತ್ತರ ತರುತ್ತಾರೆ. ಷರಾ ಕಾಲಂನಲ್ಲಿ ಆ ಶಿಕ್ಷಕರು ಕೆಂಪು ಪೆನ್ನಿನಿಂದ ಬರೆದದ್ದು ಇಷ್ಟು: ‘ಮಗು ಬೂಸಲು ಕಾಳು ತಂದಿತು. ಸೂಕ್ಷ್ಮಜೀವಿ ಪಾಠ ಇದರ ಪಕ್ಕ ಇಡಬೇಕು.’ ಮುಂದಿನ ವರ್ಷದ ಪಾಠ ಹಂಚಿಕೆ ಹೀಗೆ ಹಿಂದಿನ ವರ್ಷದ ಷರಾದಿಂದ ಹುಟ್ಟುತ್ತದೆ.

ಒಂದು ವಿಷಯದೊಳಗಿನ ಕ್ರಮ ಹೀಗಾದರೆ, ಎರಡು ವಿಷಯಗಳ ನಡುವಿನ ಕ್ರಮ ಇನ್ನೂ ಕಡೆಗಣಿಸಲ್ಪಟ್ಟದ್ದು. ನಾನು ಓದಿದ್ದು ಪಿಸಿಎಂ. ಗಣಿತವನ್ನೂ ವಿಜ್ಞಾನವನ್ನೂ ಬೋಧಿಸಿದೆ. ಅನೇಕ ಪ್ರೌಢಶಾಲೆಗಳಲ್ಲಿ ಗಣಿತಕ್ಕೆ ಪಿಸಿಎಂ ಶಿಕ್ಷಕರು, ವಿಜ್ಞಾನಕ್ಕೆ ಸಿಬಿಜೆಡ್ ಶಿಕ್ಷಕರು. ಇಬ್ಬರೂ ಸೊಗಸಾಗಿ ಪಾಠ ಮಾಡುವವರೇ ಇರಬಹುದು, ಆದರೆ ಇಬ್ಬರ ಹಾಳೆಗಳು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಕೂರುವುದು ಅಪರೂಪ. ಒಂಬತ್ತನೇ ತರಗತಿಯ ‘ಚಲನೆ’ ಪಾಠದಲ್ಲಿ ದೂರ–ಕಾಲ ನಕ್ಷೆ, ವೇಗ–ಕಾಲ ನಕ್ಷೆ ಬರುತ್ತವೆ. ಅಕ್ಷ ಎಂದರೇನು, ಬಿಂದುವನ್ನು ಗುರುತಿಸುವುದು ಹೇಗೆ ಎಂಬುದು ಗಣಿತದ ನಿರ್ದೇಶಾಂಕ ರೇಖಾಗಣಿತದಲ್ಲಿದೆ. ವಿಜ್ಞಾನದವರು ಆಗಸ್ಟ್‌ನಲ್ಲಿ ನಕ್ಷೆ ಎಳೆಸಿ, ಗಣಿತದವರು ನವೆಂಬರ್‌ನಲ್ಲಿ ಅಕ್ಷ ಪರಿಚಯಿಸಿದರೆ ಮಕ್ಕಳು ಒಂದೇ ವಿಷಯವನ್ನು ಎರಡು ಬಾರಿ ಅರ್ಧಂಬರ್ಧ ಕಲಿಯುತ್ತಾರೆ. ಜೊತೆಗೆ ಗಣಿತದ ನಕ್ಷೆ ಬೇರೆ, ವಿಜ್ಞಾನದ ನಕ್ಷೆ ಬೇರೆ ಎಂದು ನಂಬಿಬಿಡುತ್ತಾರೆ.

ಸೊರಬದ ಶಾಲೆಯಲ್ಲಿ ಎರಡೂ ವಿಷಯಗಳ ಶಿಕ್ಷಕರು ಒಪ್ಪಿದ್ದರಿಂದ ನಿರ್ದೇಶಾಂಕವನ್ನು ಮೊದಲು ತಂದು, ಅದು ಮುಗಿದ ಮರುವಾರವೇ ಚಲನೆಗೆ ಹೋದೆವು. ಗ್ರಾಫ್ ಹಾಳೆಯಲ್ಲಿ ಮಕ್ಕಳು ಮೊದಲು ಬಿಡಿಸಿದ್ದು ಸೊರಬದಿಂದ ಶಿರಾಳಕೊಪ್ಪಕ್ಕೆ ಹೋಗುವ ಬಸ್ಸನ್ನು. ದಿನಾ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಯಾವ ಸ್ಟಾಪಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗೊತ್ತು. ಬಸ್ಸು ನಿಂತಾಗ ಗೆರೆ ಅಡ್ಡಲಾಗಿ ಮಲಗುತ್ತದೆ, ಡ್ರೈವರಣ್ಣ ಜೋರು ಹೊಡೆದಾಗ ಗೆರೆ ಕಡಿದಾಗುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಅವರು ಹೇಳಿದರು. ‘ಇಳಿಜಾರು’ ಎಂಬ ಪದವನ್ನು ಆಮೇಲೆ ಕೊಟ್ಟರೆ ಸಾಕಾಯಿತು. ಇದು ಬೋಧನಾ ವಿಧಾನದ ಹೆಚ್ಚುಗಾರಿಕೆ ಅಲ್ಲ. ಎರಡು ಪಾಠಗಳ ದಿನಾಂಕ ಬದಲಿಸಿದ್ದರ ಫಲ.

ಇಲ್ಲಿ ಒಂದು ಹಳೆಯ ವಿಚಾರ ಹೇಳಿಬಿಡುತ್ತೇನೆ, ನಮ್ಮ ತಾಲ್ಲೂಕಿನದೇ ಆದ್ದರಿಂದ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಕೋಡಿಯಮಠವೆಂಬ ಕಾಳಾಮುಖ ಮಠವಿತ್ತು. 1162ರ ಶಾಸನವೊಂದು ಆ ಮಠದಲ್ಲಿ ಏನೇನು ಅಧ್ಯಯನ ನಡೆಯುತ್ತಿತ್ತು ಎಂದು ವಿವರವಾಗಿ ಹೇಳುತ್ತದೆ: ಅಂಗಗಳ ಸಹಿತ ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಯೋಗಶಾಸ್ತ್ರ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಬಡವರಿಗೆ, ಅಂಗವಿಕಲರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುವ ಸ್ಥಳ ಅದು ಎಂಬುದೂ ಅದೇ ಕಲ್ಲಿನಲ್ಲಿದೆ. ಬಳ್ಳಿಗಾವಿಗೆ ಪ್ರವಾಸ ಹೋದಾಗ ನಮ್ಮ ಗುಂಪಿನಲ್ಲಿ ಯಾರೋ ‘ಇದು ಹನ್ನೆರಡನೇ ಶತಮಾನದ ಸಿಲಬಸ್’ ಎಂದರು. ಪೂರ್ತಿ ಒಪ್ಪಲಾರೆ. ಅದು ವಿಷಯಗಳ ಪಟ್ಟಿ. ಯಾವುದು ಮೊದಲು, ಎಷ್ಟು ದಿನ, ಯಾರಿಗೆ ಎಂಬುದು ಅಲ್ಲಿಲ್ಲ, ಮಠದ ಹಿರಿಮೆಯನ್ನು ಸಾರುವ ಶಾಸನಕ್ಕೆ ಅದು ಬೇಕಾಗಿಯೂ ಇರಲಿಲ್ಲ. ನಮ್ಮ ಪಠ್ಯಪುಸ್ತಕದ ಪರಿವಿಡಿಯೂ ಅದೇ ಜಾತಿಯ ಪಟ್ಟಿ. ಪಟ್ಟಿಗೆ ದಿನ, ಕ್ರಮ, ಗುರಿ ಸೇರಿದಾಗಲೇ ಅದು ಯೋಜನೆ. ಆದರೆ ಒಂದು ವಿಷಯದಲ್ಲಿ ಆ ಕಲ್ಲು ನಮ್ಮ ಬೀರುವಿಗಿಂತ ಮುಂದಿದೆ: ಇಲ್ಲಿ ಏನು ಕಲಿಯಬಹುದು ಎಂಬುದನ್ನು ಬಂದವರೆಲ್ಲ ಕಾಣುವಂತೆ ನಿಲ್ಲಿಸಿದ್ದರು.

ಸೊರಬದ ಶಾಲೆಯಲ್ಲಿ ಒಂಬತ್ತನೇ ತರಗತಿಯ ವಿಜ್ಞಾನದ ಹಂಚಿಕೆಯನ್ನು ಮಾರ್ಗದರ್ಶಿ ಶಿಕ್ಷಕರ ಅನುಮತಿ ಪಡೆದು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಬರೆದು ಕಪ್ಪುಹಲಗೆಯ ಪಕ್ಕ ಅಂಟಿಸಿದೆ. ಇಲಾಖೆಯ ನಮೂನೆ ಹಾಗೇ ಬರೆದರೆ ಮಕ್ಕಳಿಗೆ ಉಪಯೋಗವಿಲ್ಲ. ‘ಘಟಕ 7, ಉಪಘಟಕ 3, ಅವಧಿ 2’ ಎಂದರೆ ಅವರಿಗೆ ಏನು ತಿಳಿಯಬೇಕು? ಆದ್ದರಿಂದ ಕಾಲಂಗಳನ್ನು ಬದಲಿಸಿದೆ. ವಾರ ಯಾವುದು, ಪಾಠ ಯಾವುದು, ಈ ವಾರ ಮುಗಿದಾಗ ನಿಮಗೆ ಏನು ಮಾಡಲು ಬರಬೇಕು, ಮನೆಯಿಂದ ಏನು ತರಬೇಕು, ಪರೀಕ್ಷೆ ಇದೆಯೇ. ಕೊನೆಯದು ಖಾಲಿ. ‘ಮಾಡಲು ಬರಬೇಕು’ ಎಂಬ ಕಾಲಂ ಬರೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಪಾಠಯೋಜನೆಯಲ್ಲಿ ‘ವಿದ್ಯಾರ್ಥಿಗಳು ಮಿಶ್ರಣಗಳ ಬೇರ್ಪಡಿಸುವಿಕೆಯ ಬಗ್ಗೆ ಜ್ಞಾನವನ್ನು ಹೊಂದುವರು’ ಎಂದು ಎಷ್ಟು ಸಲ ಬೇಕಾದರೂ ಬರೆಯಬಹುದು. ಮಗು ಓದುವ ಹಾಳೆಯಲ್ಲಿ ಆ ವಾಕ್ಯ ನಿಲ್ಲುವುದಿಲ್ಲ. ‘ಉಪ್ಪು ಮತ್ತು ಕರ್ಪೂರ ಬೆರೆತರೆ ಬೇರೆ ಮಾಡುತ್ತೇನೆ, ಏಕೆ ಹಾಗೆ ಎಂದೂ ಹೇಳುತ್ತೇನೆ’ ಎಂದು ಬರೆದರೆ ನಿಲ್ಲುತ್ತದೆ. ಹೀಗೆ ಬರೆಯಲು ಕೂತಾಗ, ನನಗೇ ಆ ಪಾಠದಿಂದ ಮಕ್ಕಳಿಗೆ ಏನು ಬೇಕು ಎಂಬುದು ತಿಳಿಯಾಯಿತು. ಕಲಿಕಾ ಫಲ ಎಂದು ನಮಗೆ ಬೋಧಿಸಿದ್ದರ ತಿರುಳು ಇದೇ ಇರಬೇಕು.

ಹಾಳೆಯನ್ನು ಮಕ್ಕಳು ಮೊದಲ ವಾರ ಅಲಂಕಾರವೆಂದೇ ಭಾವಿಸಿದ್ದರು. ಎರಡನೇ ವಾರ ಕರ್ಪೂರ ಬಂತು, ಅದೂ ಹನ್ನೆರಡು ಮನೆಯಿಂದ. ಟಿಂಡಾಲ್ ಪರಿಣಾಮಕ್ಕೆ ಹಾಲು, ಜೀವಕೋಶ ನೋಡಲು ಈರುಳ್ಳಿ, ವರ್ಣರೇಖನಕ್ಕೆ ಸ್ಕೆಚ್ ಪೆನ್; ಹಿಂದಿನ ದಿನ ನೆನಪಿಸುವ ಕೆಲಸವೇ ನನಗೆ ಉಳಿಯಲಿಲ್ಲ. ಆದರೆ ಹಾಳೆಯ ನಿಜವಾದ ಉಪಯೋಗ ಇವಲ್ಲ, ರಜೆ ಹಾಕಿದ ಮಕ್ಕಳಿಗೆ ಆದದ್ದು.

ಸೊರಬ, ಶಿಕಾರಿಪುರದ ಸರ್ಕಾರಿ ಶಾಲೆಯಲ್ಲಿ ಹಾಜರಿ ಪುಸ್ತಕ ನೋಡಿದವರಿಗೆ ಇದು ಹೊಸದಲ್ಲ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಗದ್ದೆಗೆ ಚರಗ ಚೆಲ್ಲಬೇಕು. ಆ ದಿನ ಅರ್ಧ ತರಗತಿ ಖಾಲಿ. ದೀಪಾವಳಿಗೆ ಕೆಲವು ಹುಡುಗರು ಅಂಟಿಗೆ–ಪಂಟಿಗೆಯವರ ಜೊತೆ ರಾತ್ರಿಯೆಲ್ಲ ಊರೂರು ತಿರುಗಿ ಬರುತ್ತಾರೆ. ಅಲ್ಲಿಂದ ಮುಂದೆ ಹೋರಿ ಹಬ್ಬ ಶುರುವಾದರೆ ಇವತ್ತು ಈ ಊರು, ನಾಳೆ ಆ ಊರು. ಇವೆಲ್ಲ ಸಂಭ್ರಮದ ಗೈರುಹಾಜರಿ. ಇನ್ನೊಂದು ಬಗೆಯದು ಸಂಭ್ರಮದ್ದಲ್ಲ: ಶುಂಠಿ ಕೀಳುವುದು, ಸಸಿ ನೆಡುವುದು, ಅಡಿಕೆ ಸುಲಿಯುವುದು. ಕೊನೆ ಕೊಯ್ಲು ಶುರುವಾದಾಗ ಕೂಲಿಗೆ ಹೋಗುವ ಮನೆಯ ಮಕ್ಕಳು ತಾವೂ ಸುಲಿಯಲು ಕೂರುತ್ತಾರೆ, ಇಲ್ಲವೇ ಚಿಕ್ಕ ತಮ್ಮ–ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಎಂಟು–ಹತ್ತು ದಿನದ ನಂತರ ಬಂದ ಮಗು ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂರುತ್ತದೆ. ಏನು ತಪ್ಪಿಹೋಗಿದೆ ಎಂಬುದೇ ಅದಕ್ಕೆ ಗೊತ್ತಿರುವುದಿಲ್ಲ, ಏನನ್ನು ಕೇಳಬೇಕು? ‘ಅರ್ಥವಾಗದಿದ್ದರೆ ಕೇಳಿ’ ಎನ್ನುವ ನಮ್ಮ ಮಾತು ಆ ಮಗುವಿಗೆ ತಲುಪುವುದೇ ಇಲ್ಲ. ಶಾಲೆ ಬಿಡುವುದು ಒಂದೇ ದಿನದಲ್ಲಿ ಆಗುವ ಘಟನೆಯಲ್ಲ ಎಂದು ಶಿಕ್ಷಣಶಾಸ್ತ್ರದ ತರಗತಿಯಲ್ಲಿ ಓದಿದ್ದೆವು. ಅದು ಈ ಕೊನೆಯ ಬೆಂಚಿನಿಂದ ಆರಂಭವಾಗುತ್ತದೆ ಎಂದು ನನಗೆ ಅನ್ನಿಸಿದ್ದು ಇಲ್ಲಿ.

ದೀಪಾವಳಿಯ ನಂತರ ಹೀಗೆ ಒಂಬತ್ತು ದಿನ ಬಾರದ ಹುಡುಗಿಯೊಬ್ಬಳು ಬಂದ ದಿನ ಊಟದ ಬಿಡುವಿನಲ್ಲಿ ಹಾಳೆಯ ಮುಂದೆ ನಿಂತಿದ್ದಳು. ತಾನು ಬಾರದ ವಾರಗಳ ಎದುರಿನ ಸಾಲುಗಳನ್ನು ಪಕ್ಕದವಳ ನೋಟ್‌ಬುಕ್ಕಿನ ಜೊತೆ ಹೋಲಿಸಿ, ಕೆಲವಕ್ಕೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟಳು. ಆಮೇಲೆ ಬಂದು, ‘ಮೇಡಂ, ಇವ್ ಮೂರು ನಂಗೆ ಬರಲ್ಲ. ಉಳಿದಿದ್ದು ಓದ್ಕೊಂತೀನಿ’ ಎಂದಳು. ಒಂಬತ್ತು ದಿನದ ಪಾಠವನ್ನು ಮತ್ತೆ ಮಾಡಲು ಯಾರಿಗೂ ಸಮಯವಿಲ್ಲ. ಮೂರು ಅಂಶ ಹೇಳಿಕೊಡಲು ಎರಡು ಊಟದ ಬಿಡುವು ಸಾಕಾಯಿತು. ಅವಳಿಗೆ ಬುದ್ಧಿ ಮೊದಲೂ ಇತ್ತು, ಹಾಳೆ ಕೊಟ್ಟಿದ್ದಲ್ಲ. ತಾನು ಕಳೆದುಕೊಂಡದ್ದು ಇಷ್ಟೇ ಎಂದು ಅಳೆದುಕೊಳ್ಳಲು ಒಂದು ಅಳತೆಗೋಲು ಬೇಕಿತ್ತು.

ಪೋಷಕರ ಸಭೆಯಲ್ಲಿ ಹಾಳೆಯನ್ನು ತೋರಿಸಿದಾಗ ಒಬ್ಬ ತಂದೆ ಪರೀಕ್ಷೆಯ ಕಾಲಂ ಮೇಲೆ ಬೆರಳಿಟ್ಟು, ‘ಈ ವಾರ ಅಂತ ಮೊದ್ಲೇ ಗೊತ್ತಾದ್ರೆ ನಾವೂ ಆ ವಾರ ಮಗನ್ನ ಕೆಲ್ಸಕ್ಕೆ ಕರೆಯಲ್ಲ ಮೇಡಂ. ನಮಗೆ ಹೇಳೋರು ಯಾರು?’ ಎಂದರು. ಮಕ್ಕಳನ್ನು ಕಳಿಸುವುದಿಲ್ಲ ಎಂದು ಪೋಷಕರನ್ನು ದೂರುವಾಗ ಈ ಮಾತು ನೆನಪಿಡಬೇಕು. ಆ ಸಭೆಯ ನಂತರ ಪರೀಕ್ಷೆಯ ವಾರಗಳನ್ನು ಚೀಟಿಯಲ್ಲಿ ಬರೆದು ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿದೆವು. ಎಲ್ಲ ಮನೆಯಲ್ಲೂ ಅದು ಕೆಲಸ ಮಾಡಿತು ಎನ್ನಲಾರೆ. ಕೆಲವು ಮನೆಯಲ್ಲಿ ಮಾಡಿತು.

ಶಿಕ್ಷಕರಿಗೆ ಇದರಿಂದ ಏನು ಎಂಬುದಕ್ಕೆ ಬರುತ್ತೇನೆ. ಅನುಭವಿ ಶಿಕ್ಷಕರೊಬ್ಬರು ನನ್ನ ಹಾಳೆ ನೋಡಿ, ‘ಮೂವತ್ತು ವರ್ಷ ಆಯ್ತಮ್ಮ, ಇದೆಲ್ಲ ನನ್ನ ತಲೆಯಲ್ಲೇ ಇದೆ’ ಎಂದರು. ಅದು ಬರೀ ಮಾತಲ್ಲ. ಅವರ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಯಾವ ಮಗು ಎಲ್ಲಿ ಎಡವುತ್ತದೆ ಎಂದು ಅವರಿಗೆ ಮೊದಲೇ ಗೊತ್ತು. ಆದರೆ ತಲೆಯಲ್ಲಿರುವ ಯೋಜನೆ ವರ್ಗಾವಣೆಯ ಜೊತೆ ಹೋಗಿಬಿಡುತ್ತದೆ. ನನ್ನ ಸಹಪಾಠಿ ಇದ್ದ ಇನ್ನೊಂದು ಶಾಲೆಯಲ್ಲಿ ಆಗಸ್ಟ್‌ನಲ್ಲಿ ಶಿಕ್ಷಕರು ವರ್ಗವಾಗಿ, ಮೂರು ವಾರದ ನಂತರ ಅತಿಥಿ ಶಿಕ್ಷಕರೊಬ್ಬರು ಬಂದರು. ದಾಖಲೆಯಲ್ಲಿ ನಾಲ್ಕು ಪಾಠ ‘ಮುಗಿದಿದೆ’ ಎಂದಿತ್ತು. ಮಕ್ಕಳು ಮೂರೇ ಎಂದರು. ಯಾವ ಪ್ರಯೋಗ ಆಗಿದೆ, ಯಾರಿಗೆ ಯಾವುದು ಬಂದಿಲ್ಲ ಎಂಬ ಒಂದು ಸಾಲೂ ಇರಲಿಲ್ಲ. ಬಂದವರು ಮೊದಲಿನಿಂದ ಶುರು ಮಾಡಿದರು. ಕಳೆದ ಮೂರು ವಾರಕ್ಕೆ ಇನ್ನೂ ಮೂರು ವಾರ ಸೇರಿತು. ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಗಳು ನಮ್ಮ ಕಡೆ ಎಷ್ಟಿವೆ ಎಂದು ಓದುಗರಿಗೆ ಹೇಳಬೇಕಿಲ್ಲ. ನಮ್ಮಲ್ಲೇ ಅನೇಕರು ಪದವಿ ಮುಗಿದ ಮೇಲೆ ಮೊದಲು ಹೋಗುವುದು ಆ ಕೆಲಸಕ್ಕೇ. ಅಂಥವರಿಗೆ ಷರಾ ಕಾಲಂ ತುಂಬಿದ ಹಾಳೆಯೊಂದು ಸಿಕ್ಕರೆ ಅದು ಮೊದಲ ಸಂಬಳಕ್ಕಿಂತ ದೊಡ್ಡ ಉಪಕಾರ. (ಸಂಬಳ ತಡವಾಗಿ ಬರುತ್ತದೆ ಎಂಬ ಅರ್ಥದಲ್ಲೂ.)

ಪಾಠವನ್ನು ಕಡಿತ ಮಾಡುವಾಗಲೂ ಇದೇ ದಾಖಲೆ ಬೇಕು. ಕೋವಿಡ್ ಕಾಲದಲ್ಲಿ, 2020–21ರಲ್ಲಿ ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿಗೆ ಶೇ. 30ರಷ್ಟು ಪಠ್ಯ ಕಡಿತವಾಯಿತು. ಅಂದಿನ ಪರಿಸ್ಥಿತಿಯಲ್ಲಿ ಅದು ಬೇಕಿತ್ತು. ಆದರೆ ಬಿಟ್ಟದ್ದನ್ನು ಮುಂದಿನ ತರಗತಿಯಲ್ಲಿ ಎಲ್ಲಿ ಕಲಿಸಬೇಕು ಎಂದು ಯಾರೋ ಗುರುತಿಟ್ಟುಕೊಂಡಿದ್ದರೆ ಮಾತ್ರ ಆ ಕಡಿತ ಮಕ್ಕಳ ಹೊರೆ ಇಳಿಸುತ್ತದೆ. ಇಲ್ಲದಿದ್ದರೆ ಹೊರೆ ಪಿಯುಸಿಗೆ ವರ್ಗವಾಗುತ್ತದೆ. 2022–23ನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ನಡೆಸಿದ್ದು ಹೀಗೆ ತಪ್ಪಿಹೋದದ್ದನ್ನು ಹಿಡಿಯುವುದಕ್ಕಾಗಿಯೇ.

ಇನ್ನು ಇದರ ಅಪಾಯ. ಗೋಡೆಯ ಮೇಲಿನ ಹಾಳೆ ಚಾವಟಿಯೂ ಆಗಬಲ್ಲದು. ‘ಈ ವಾರ ಇದು ಆಗಬೇಕಿತ್ತು’ ಎಂದು ಮಕ್ಕಳೇ ಹೇಳಲು ತೊಡಗಿದಾಗ ನನಗೆ ಒಂದೆರಡು ದಿನ ಓಡುವ ಆಸೆ ಬಂದಿತ್ತು. ಪಠ್ಯವನ್ನು ಮುಗಿಸುವುದೇ ಗುರಿಯಾಗಿಬಿಟ್ಟಿದೆ ಎಂದು ಯಶಪಾಲ್ ಸಮಿತಿ 1993ರಲ್ಲೇ ಎಚ್ಚರಿಸಿತ್ತು. ಮೂವತ್ತು ವರ್ಷ ದಾಟಿದರೂ ಸ್ಟಾಫ್ ರೂಮಿನ ಕ್ರಿಯಾಪದ ಬದಲಾಗಿಲ್ಲ. ಎರಡನೆಯ ಅಪಾಯವನ್ನು ಹುಡುಗನೊಬ್ಬ ತೋರಿಸಿದ. ಪಕ್ಕದವನು ಏನೋ ಪ್ರಶ್ನೆ ಕೇಳುತ್ತಿದ್ದಾಗ ಇವನು, ‘ಅದು ಹಾಳೆಯಲ್ಲಿಲ್ಲ ಕಣೋ, ಕೂತ್ಕೋ’ ಎಂದ. ತರಗತಿ ನಕ್ಕಿತು, ನನಗೆ ನಗು ಬರಲಿಲ್ಲ. ಅವತ್ತಿನಿಂದ ತಿಂಗಳಿಗೆ ಎರಡು ಅವಧಿಯನ್ನು ಹಾಳೆಯಲ್ಲೇ ‘ನಿಮ್ಮ ಪ್ರಶ್ನೆ’ ಎಂದು ಬರೆದು ಬಿಟ್ಟೆ. 62ರಲ್ಲಿ ಅಂಥ ಅವಧಿಗೆ ಜಾಗ ಎಲ್ಲಿ ಎಂದು ಕೇಳಬಹುದು. ಮೊದಲೇ ಎತ್ತಿಡದಿದ್ದರೆ ಸಿಗುವುದೇ ಇಲ್ಲ. ಅಂಥ ಒಂದು ಅವಧಿಯಲ್ಲಿ ಬಂದ ಪ್ರಶ್ನೆ: ಓಡಿಬರುವ ಹೋರಿಯನ್ನು ಎದುರಿನಿಂದ ತಡೆಯುವುದು ಕಷ್ಟ, ಪಕ್ಕದಿಂದ ಹಿಡಿದು ಜೊತೆಗೆ ಓಡುತ್ತ ನಿಲ್ಲಿಸುವುದು ಸುಲಭ ಏಕೆ? ಸಂವೇಗದ ಬದಲಾವಣೆಗೆ ಹೆಚ್ಚು ಕಾಲ ಸಿಕ್ಕರೆ ಬೇಕಾಗುವ ಬಲ ಕಡಿಮೆ ಎಂಬುದನ್ನು ಕ್ಯಾಚ್ ಹಿಡಿಯುವ ಕ್ರಿಕೆಟ್ ಆಟಗಾರನ ಉದಾಹರಣೆಯಿಂದ ಪುಸ್ತಕ ಹೇಳುತ್ತದೆ. ನಮ್ಮ ಮಕ್ಕಳಿಗೆ ಹೋರಿ ಇನ್ನೂ ಹತ್ತಿರ.

ಪಾಠ ಹಂಚಿಕೆಗೆ ತಗಲುವ ಶ್ರಮದ ಬಗ್ಗೆಯೂ ಒಂದು ಮಾತು. ಒಂದು ವಿಷಯಕ್ಕೆ ಎರಡು ಭಾನುವಾರ ಸಾಕು. ಮೊದಲ ಭಾನುವಾರ ರಜೆ, ಪರೀಕ್ಷೆ, ಊರ ಹಬ್ಬ ಕಳೆದು ಅವಧಿಗಳ ಲೆಕ್ಕ. ಎರಡನೆಯದು ಪಾಠಗಳ ಕ್ರಮ ಮತ್ತು ‘ಮಾಡಲು ಬರಬೇಕಾದ್ದು’. ಇಂಟರ್ನ್‌ಶಿಪ್‌ಗೆ ಹೋಗುವ ಕಿರಿಯರು ಶಾಲೆಯಲ್ಲಿ ಹಿಂದಿನ ವರ್ಷದ ಪ್ರತಿಯನ್ನು ಕೇಳಿ ಪಡೆದರೆ ಮೊದಲ ಭಾನುವಾರದ ಕೆಲಸ ಅರ್ಧವಾಗುತ್ತದೆ. ಗಣಿತ, ವಿಜ್ಞಾನ ಎರಡೂ ಪ್ರತಿ ಕೇಳಿ. ಊರಿನ ಹೋರಿ ಹಬ್ಬ ಯಾವಾಗ ಎಂದು ಬಿಸಿಯೂಟದ ಅಡುಗೆ ಅಕ್ಕಂದಿರನ್ನು ಕೇಳಿ, ಅವರಿಗೆ ಕ್ಯಾಲೆಂಡರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನಾನು ಹೊರಡುವ ವಾರ ನಮ್ಮ ತರಗತಿ ಹಾಳೆಗಿಂತ ನಾಲ್ಕು ಅವಧಿ ಹಿಂದಿತ್ತು. ಎಲ್ಲಿ ಹಿಂದೆ, ಏಕೆ ಎಂಬುದು ಕೊನೆಯ ಕಾಲಂನಲ್ಲಿತ್ತು. ಯಾವ ಐದು ಮಕ್ಕಳಿಗೆ ನಕ್ಷೆ ಇನ್ನೊಮ್ಮೆ ಬೇಕು ಎಂಬುದನ್ನು ಗೋಡೆಯ ಮೇಲೆ ಬರೆಯದೆ ಬೇರೆ ಚೀಟಿಯಲ್ಲಿ ಕೊಟ್ಟೆ. ಮಾರ್ಗದರ್ಶಿ ಶಿಕ್ಷಕರು ಹಾಳೆಯನ್ನು ಗೋಡೆಯಿಂದ ಬಿಡಿಸದೆ ಅದರ ನಕಲು ಬರೆಸಿಕೊಂಡರು. ನಕಲಿನಲ್ಲಿ ಜುಲೈ ಮೂರನೇ ವಾರದ ಎದುರಿಗಿದ್ದ ‘ಹೊಸ ಪಾಠ’ವನ್ನು ಹೊಡೆದು, ‘ಮಳೆ. ಪುನರಾವರ್ತನೆ ಮಾತ್ರ’ ಎಂದು ತಿದ್ದಿ, ಮುಂದಿನ ವರ್ಷದ ಫೈಲಿಗೆ ಸೇರಿಸಿದರು.